ಮಜಾ ರವಿವಾರಕ್ಕಷ್ಟೇ ಮೀಸಲೇ?

"ರವಿವಾರ ಯಾವಾಗ ಬರುತ್ತದೋ!" ಎಂಬ ಮಾತು ನಮ್ಮ ಮನೆಗಳಲ್ಲಿ ಸೋಮವಾರ ಮುಂಜಾನೆಯೇ ಕೇಳಿಬರುತ್ತದೆ. ಹೇಳುವವನು ಆರನೆಯ ಇಯತ್ತೆಯ ಹುಡುಗನಿರಬಹುದು. ಬಿ.ಕಾಂ. ಮುಗಿಸಿ ಕುಪವಾಡ ಎಂಐಡಿಸಿಯಲ್ಲಿ ತಂದೆಯ ಕಾರಖಾನೆಯ ಮೇಜಿನ ಮುಂದೆ ಕುಳಿತ ಅವನ ಅಣ್ಣನೂ ಇರಬಹುದು. ಒಬ್ಬನಿಗೆ ಶಾಲೆ ಬೇಸರ, ಇನ್ನೊಬ್ಬನಿಗೆ ಕಾರಖಾನೆ ಬೇಸರ. ವಾರದ ಆರು ದಿನ ಹೇಗೋ ನೂಕಬೇಕು, ಏಳನೆಯ ದಿನ ಒಂದಿಷ್ಟು ಮಜಾ ಮಾಡಬೇಕು ಎಂಬ ಲೆಕ್ಕ ಇಬ್ಬರದೂ.

ವ್ಯಾಪಾರಸ್ಥರಾದ ನಮಗೆ ಈ ಲೆಕ್ಕ ಒಪ್ಪುವಂಥದ್ದೇ? ಏಳು ದಿನದಲ್ಲಿ ಆರು ದಿನ ನಷ್ಟದಲ್ಲಿ ನಡೆಯುವ ಅಂಗಡಿಯನ್ನು ಯಾರಾದರೂ ತೆರೆದಿಟ್ಟಾರೆಯೇ? ಮಕ್ಕಳ ಬೇಸರವನ್ನು ನಾವು ಸಣ್ಣ ಸಂಗತಿ ಎಂದು ತಿಳಿಯುತ್ತೇವೆ. ಆದರೆ ಅದರ ಬೆಲೆ ದೊಡ್ಡದು. ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ಕಾರಖಾನೆಯನ್ನು "ನನಗೆ ಬೇಡಪ್ಪಾ" ಎಂದು ಮಗ ಪುಣೆಯ ಹಾದಿ ಹಿಡಿದಾಗ ಆ ಬೆಲೆ ತಿಳಿಯುತ್ತದೆ. ಹೋಗುವುದು ತಪ್ಪಲ್ಲ, ಇಷ್ಟಪಟ್ಟು ಹೋದರೆ ಸಂತೋಷವೇ. ಮನೆಯ ಉದ್ಯೋಗದ ರುಚಿಯನ್ನೇ ನೋಡದೆ ಹೋಗುವುದು ಮಾತ್ರ ದುಃಖದ ಸಂಗತಿ.

ಹಾಗಾದರೆ ದಿನನಿತ್ಯದ ಕೆಲಸದಲ್ಲಿ ಮಜಾ ಎಲ್ಲಿಂದ ಬರುತ್ತದೆ? ಹಣ ಕೊಟ್ಟು ತರುವ ವಸ್ತು ಅದಲ್ಲ. ಮಾಡುವ ಕೆಲಸ "ನನ್ನದು" ಎನಿಸಿದಾಗ ಅದು ತಾನಾಗಿಯೇ ಬರುತ್ತದೆ. ಇದಕ್ಕೆ ನಮ್ಮ ನೆಲದಲ್ಲಿಯೇ ಮೂರು ಉದಾಹರಣೆಗಳಿವೆ.

ಲೆಕ್ಕದಲ್ಲಿ ಹಾರ

ಗಣಿತವೆಂದರೆ ಹೆದರುವ ಮಕ್ಕಳಿಗೆ ಮಹಾವೀರಾಚಾರ್ಯರ ಹೆಸರು ಹೇಳಿರಿ. ಸುಮಾರು ಕ್ರಿ.ಶ. 850ರಲ್ಲಿ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ಜೈನ ವಿದ್ವಾಂಸರು 'ಗಣಿತಸಾರಸಂಗ್ರಹ' ಬರೆದರು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಈ ಗ್ರಂಥದ ಕನ್ನಡ ಅನುವಾದವನ್ನು ಪ್ರೊ. ಪದ್ಮಾವತಮ್ಮನವರು ಮಾಡಿದ್ದು, 2000ರಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.

ಗುಣಾಕಾರ ಕಲಿಸುವಾಗ ಆಚಾರ್ಯರು ಬರೀ ಒಣ ಅಂಕೆಗಳನ್ನು ಕೊಡಲಿಲ್ಲ. ಉತ್ತರವು ಕೊರಳ ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಲೆಕ್ಕಗಳನ್ನು ಹುಡುಕಿ ಕೊಟ್ಟರು. 139ನ್ನು 109ರಿಂದ ಗುಣಿಸಿರಿ: 15151. 152207ನ್ನು 73ರಿಂದ ಗುಣಿಸಿರಿ: ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. 142857143ನ್ನು 7ರಿಂದ ಗುಣಿಸಿದರೆ ಎರಡು ತುದಿಗೆ ಎರಡು ಒಂದು, ನಡುವೆ ಎಂಟು ಸೊನ್ನೆ. ಅಂಗಡಿಯ ಕ್ಯಾಲ್ಕುಲೇಟರ್ ಮಗುವಿನ ಕೈಗೆ ಕೊಟ್ಟು ನೋಡಿರಿ. ಮೊದಲು ಕಾಗದದ ಮೇಲೆ ಮಾಡಿ ಆಮೇಲೆ ಗುಂಡಿ ಒತ್ತಲಿ. ಉತ್ತರ ಕೂಡಿದಾಗ ಮುಖ ಅರಳುತ್ತದೆಯೋ ಇಲ್ಲವೋ ನೀವೇ ಹೇಳಿರಿ.

ಅದೇ ಗ್ರಂಥದಲ್ಲಿ ವ್ಯಾಪಾರಿಗಳ ಒಂದು ಲೆಕ್ಕವಿದೆ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಗಂಟೊಂದು ಕಾಣಿಸಿತು. ಒಬ್ಬನೆಂದ: ಈ ಗಂಟು ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರ ಹಣದ ಎರಡು ಪಟ್ಟಾಗುತ್ತದೆ. ಎರಡನೆಯವನೆಂದ: ನನಗೆ ಸಿಕ್ಕರೆ ನಿಮ್ಮಿಬ್ಬರ ಹಣದ ಮೂರು ಪಟ್ಟು. ಮೂರನೆಯವನೆಂದ: ನನಗಾದರೆ ಐದು ಪಟ್ಟು. ಹಾಗಿದ್ದರೆ ಗಂಟಿನಲ್ಲಿ ಎಷ್ಟು, ಮೂವರ ಕೈಯಲ್ಲಿ ಎಷ್ಟೆಷ್ಟು? ಸಂಜೆ ಬೇಗ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಊಟದ ನಂತರ ಒಂದು ತಾಸು ಉಳಿಯುತ್ತದೆ. ಇಂದು ಅಜ್ಜ, ಅಪ್ಪ, ಮಕ್ಕಳೆಲ್ಲ ಕೂಡಿ ಇದನ್ನು ಬಿಡಿಸಿರಿ. ಉತ್ತರ ಲೇಖನದ ಕೊನೆಗಿದೆ, ಮೊದಲೇ ನೋಡಬೇಡಿರಿ!

ಆಟದಿಂದ ರಂಗಭೂಮಿ

ಎರಡನೆಯ ಉದಾಹರಣೆ ಸಾಂಗಲಿಯದೇ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ನೋಡಿ ಮೆಚ್ಚಿದ ಅರಸ ಚಿಂತಾಮಣರಾವ ಪಟವರ್ಧನರು, ಇಂಥದ್ದನ್ನು ಮರಾಠಿಯಲ್ಲಿ ಮಾಡಿ ತೋರಿಸುವ ಕೆಲಸವನ್ನು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಎಂಬ ತರುಣನಿಗೆ ಒಪ್ಪಿಸಿದರು. ಗೊಂಬೆ ಮಾಡುವುದರಲ್ಲಿ, ಕಥೆ ಕಟ್ಟುವುದರಲ್ಲಿ ಆಸೆಯಿದ್ದವನು ಆತ. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮಹಾರಾಷ್ಟ್ರದಲ್ಲಿ ಇಂದಿಗೂ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ನಮ್ಮ ಮಕ್ಕಳಿಗೂ ಇಂಥ ಸೌಭಾಗ್ಯವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾರಖಾನೆಯಲ್ಲಿ ಹೊರ ರಾಜ್ಯದ ಕಾರ್ಮಿಕರೊಡನೆ ಹಿಂದಿ. ಒಂದು ಮಾತಿನ ಗಾದೆಯನ್ನು ಇನ್ನೊಂದು ಮಾತಿಗೆ ತಿರುಗಿಸುವುದೇ ಒಂದು ಆಟ. ದಶಲಕ್ಷಣ ಪರ್ವದಲ್ಲಿ ಬಸದಿಯ ಮುಂದೆ ಮಕ್ಕಳು ಆಡುವ ನಾಟಕವನ್ನು ಅವರೇ ಬರೆಯಲಿ, ಅವರೇ ವೇಷ ಕಟ್ಟಲಿ. ಹಿರಿಯರು ಬರೆದುಕೊಟ್ಟ ಮಾತನ್ನು ಗಿಳಿಪಾಠ ಒಪ್ಪಿಸುವುದರಲ್ಲಿ ಏನು ಮಜಾ?

ಆದರೆ ಒಂದು ಎಚ್ಚರಿಕೆ ಬೇಕು. ಶಾಲೆಯಲ್ಲಿ ಒಬ್ಬನ ಮರಾಠಿಯ ಧಾಟಿ ಹಿಡಿದು ಆಡಿಕೊಳ್ಳುವುದು, ಕಾರಖಾನೆಯಲ್ಲಿ ದೂರದಿಂದ ಬಂದ ಕಾರ್ಮಿಕನಿಗೆ ಅಡ್ಡಹೆಸರು ಇಟ್ಟು ನಗುವುದು ಮಜಾ ಅಲ್ಲ. ಮಾತಿನಿಂದ ಆಗುವ ಹಿಂಸೆಯೂ ಹಿಂಸೆಯೇ ಎಂದು ತಿಳಿದ ಮನೆತನದವರು ನಾವು. ಎಲ್ಲರೂ ಕೂಡಿ ನಗುವಂತಿದ್ದರೆ ಅದು ವಿನೋದ. ಒಬ್ಬನ ಕಣ್ಣಲ್ಲಿ ನೀರು ಬಂದರೆ ಅದು ಬೇರೆ.

ದುಡಿಮೆಯಲ್ಲಿ ರುಚಿ

ಮೂರನೆಯದು ಕರ್ಮವೀರ ಭಾವೂರಾವ ಪಾಟೀಲರದು. 1887ರ ಸೆಪ್ಟೆಂಬರ್ 22ರಂದು ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಇವರು ತರುಣ ವಯಸ್ಸಿನಲ್ಲಿ ಕಿರ್ಲೋಸ್ಕರ ನೇಗಿಲುಗಳನ್ನು ಮಾರುತ್ತ ಊರೂರು ತಿರುಗಿದರು. ನೇಗಿಲು ಮಾರಿ ಬರುವುದಷ್ಟೇ ಕೆಲಸವೆಂದು ತಿಳಿದಿದ್ದರೆ ಅವರೂ ರವಿವಾರದ ದಾರಿ ಕಾಯುತ್ತಿದ್ದರು. ಅವರು ರೈತರೊಡನೆ ಕುಳಿತು ಮಾತಾಡಿದರು, ಹಳ್ಳಿಯ ಮಕ್ಕಳ ಸ್ಥಿತಿ ಕಂಡರು. 1919ರಲ್ಲಿ ಕರಾಡ ಹತ್ತಿರದ ಕಾಲೆಯಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು, 1924ರಲ್ಲಿ ಸಾತಾರೆಯಲ್ಲಿ ವಸತಿಗೃಹ ತೆರೆದರು. ಅಲ್ಲಿ ಎಲ್ಲ ಜಾತಿಯ ಹುಡುಗರು ಕೂಡಿ ದುಡಿದರು, ಕೂಡಿ ಅಡುಗೆ ಮಾಡಿದರು, ಒಂದೇ ಪಂಕ್ತಿಯಲ್ಲಿ ಉಂಡರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಗಳಿಸುತ್ತ ಕಲಿಯುವ ಪದ್ಧತಿ ಅಲ್ಲಿ ಬರೀ ಶಿಸ್ತಾಗಿರಲಿಲ್ಲ. ಬೆಳೆದದ್ದು, ಬೇಯಿಸಿದ್ದು, ಕಲಿತದ್ದು ತಮ್ಮದೇ ಎಂಬ ಹೆಮ್ಮೆ ಅದರೊಳಗಿತ್ತು.

ನಾವು ಮಾಡಬೇಕಾದದ್ದೇನು?

ಮೊದಲನೆಯದು, ಮಕ್ಕಳಿಗೆ ನೋಡಲು ಅವಕಾಶ ಕೊಡಿರಿ. ಸಾಂಗಲಿಯ ಅರಿಷಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆದರೆ ಅಡತಿ ವ್ಯಾಪಾರಿಯ ಎಷ್ಟು ಮಕ್ಕಳು ಅರಿಷಿಣದ ಸವಾಲು ನೋಡಿದ್ದಾರೆ? ಹರಿಪುರದಲ್ಲಿ ನೆಲದೊಳಗಿನ ಹಗೇವುಗಳಲ್ಲಿ ಅರಿಷಿಣ ಕಾಪಾಡುತ್ತಿದ್ದ ರೀತಿಯನ್ನು ಅಜ್ಜನ ಬಾಯಿಂದ ಕೇಳಿದ್ದಾರೆ? ಕೊಂಬು ಮುರಿದು ಒಳಬಣ್ಣ ನೋಡುವುದು, ಒಣದ್ರಾಕ್ಷಿಯ ದರ್ಜೆ ಗುರುತಿಸುವುದು, ಎರಕದ ತುಣುಕನ್ನು ಬಡಿದು ಸಪ್ಪಳ ಕೇಳುವುದು, ಇವೆಲ್ಲ ಪುಸ್ತಕದಲ್ಲಿ ಸಿಗದ ಪಾಠಗಳು. ತೋರಿಸುವುದೆಂದರೆ ದುಡಿಸುವುದಲ್ಲ. 14 ವರ್ಷದೊಳಗಿನವರನ್ನು ಕಾರಖಾನೆಯಲ್ಲಿ ದುಡಿಸಬಾರದೆಂದು ಕಾಯ್ದೆ ಹೇಳುತ್ತದೆ. ಕುಲುಮೆ, ಯಂತ್ರಗಳ ಹತ್ತಿರ ಮಕ್ಕಳು ಸುಳಿಯುವುದೂ ಬೇಡ.

ಎರಡನೆಯದು, ಕಾಲೇಜು ಮುಗಿಸಿದ ಮಗನಿಗೆ ಕುರ್ಚಿಯ ಜೊತೆಗೆ ಜವಾಬ್ದಾರಿಯನ್ನೂ ಕೊಡಿರಿ. ದಿನವಿಡೀ ತಂದೆಯ ಪಕ್ಕ ಕುಳಿತು ಸಹಿಗಾಗಿ ಕಾಗದ ಮುಂದೆ ಮಾಡುವ ಹುಡುಗ ಮೊಬೈಲು ನೋಡದೆ ಇನ್ನೇನು ಮಾಡಿಯಾನು? "ತಮ್ಮಾ, ಈ ಗಿರಾಕಿಯ ವ್ಯವಹಾರ ಇವತ್ತಿನಿಂದ ನಿನ್ನದು. ತಪ್ಪಿದರ ನೀನೇ ತಿದ್ದು, ನಾ ಬೈಯೂದಿಲ್ಲ" ಎಂದು ಹೇಳಿ ನೋಡಿರಿ. ಮರುದಿನ ಅವನು ನಿಮಗಿಂತ ಮೊದಲು ಕಾರಖಾನೆಯ ಬಾಗಿಲಲ್ಲಿರುತ್ತಾನೆ.

ಮೂರನೆಯದು, ಹೆಣ್ಣುಮಕ್ಕಳನ್ನು ಮರೆಯಬೇಡಿರಿ. ಕಾಮರ್ಸಿನಲ್ಲಿ ಒಳ್ಳೆಯ ಅಂಕ ಪಡೆದ ಮಗಳು ತವರಿನ ಕೀರ್ದಿ ಖತಾವಣಿಯನ್ನು ಒಮ್ಮೆಯೂ ತೆರೆಯದೆ ಗಂಡನ ಮನೆಗೆ ಹೋಗುವುದು ನಮ್ಮಲ್ಲಿ ಅಪರೂಪವಲ್ಲ. ಲೆಕ್ಕದ ರುಚಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ನಾಲ್ಕನೆಯದು, ಮಕ್ಕಳಿಗೆ ಒಂದಿಷ್ಟು ಖಾಲಿ ವೇಳೆ ಇರಲಿ. ಶಾಲೆ, ಟ್ಯೂಶನ್, ಮತ್ತೆ ಇನ್ನೊಂದು ಕ್ಲಾಸು ಎಂದು ದಿನವನ್ನು ಗೋದಾಮಿನಂತೆ ಛಾವಣಿಯವರೆಗೆ ತುಂಬಿದರೆ ಗಾಳಿ ಆಡುವುದಾದರೂ ಎಲ್ಲಿ? ಗೆಳೆಯರೊಡನೆ ಸೈಕಲ್ ಮೇಲೆ ಮಾತಾಡುತ್ತ ಮನೆಗೆ ಬರುವ ಅರ್ಧ ತಾಸು ವ್ಯರ್ಥವಲ್ಲ. ಮುಂದೆ ವ್ಯಾಪಾರದಲ್ಲಿ ಕಷ್ಟ ಬಂದಾಗ ಕೈಹಿಡಿಯುವ ಗೆಳೆತನ ಆ ಅರ್ಧ ತಾಸಿನಲ್ಲಿಯೇ ಬೆಳೆದಿರುತ್ತದೆ.

ಇಂದು ಸಂಜೆ ಮಗ ಮಗಳು ಮನೆಗೆ ಬಂದಾಗ "ಎಷ್ಟು ಮಾರ್ಕ್ಸ್ ಬಿತ್ತು?" ಎಂದು ಕೇಳುವ ಮೊದಲು "ಇವತ್ತು ಏನು ಮಜಾ ಬಂತು?" ಎಂದು ಕೇಳಿರಿ. ಮೊದಲ ನಾಲ್ಕು ದಿನ ಉತ್ತರ ಬರಲಿಕ್ಕಿಲ್ಲ. ಐದನೆಯ ದಿನ ಅವರೇ ಹೇಳಲು ಶುರು ಮಾಡುತ್ತಾರೆ.

ಹಣದ ಗಂಟಿನ ಉತ್ತರ: ಗಂಟಿನಲ್ಲಿ 15, ವ್ಯಾಪಾರಿಗಳ ಕೈಯಲ್ಲಿ ಕ್ರಮವಾಗಿ 1, 3 ಮತ್ತು 5. ತಾಳೆ ನೋಡಿರಿ: 1 ಮತ್ತು 15 ಕೂಡಿ 16, ಇದು 8ರ ಎರಡು ಪಟ್ಟು. 3 ಮತ್ತು 15 ಕೂಡಿ 18, ಇದು 6ರ ಮೂರು ಪಟ್ಟು. 5 ಮತ್ತು 15 ಕೂಡಿ 20, ಇದು 4ರ ಐದು ಪಟ್ಟು. ನಾಲ್ಕೂ ಸಂಖ್ಯೆಗಳನ್ನು ಎರಡರಿಂದಲೋ ಹತ್ತರಿಂದಲೋ ಗುಣಿಸಿದರೂ ಲೆಕ್ಕ ಕೂಡುತ್ತದೆ. ಅದು ಯಾಕೆಂದು ಮಕ್ಕಳನ್ನೇ ಕೇಳಿರಿ.