ಲೋಟದ ಮಬ್ಬಿಗೆ ಕಾರಣ ಪುಡಿಯಲ್ಲ, ನೀರು

ಡಿಶ್‌ವಾಷರ್‌ನಿಂದ ಹೊರತೆಗೆದ ಗಾಜಿನ ಲೋಟ ಬೂದಿ ಸವರಿದಂತೆ ಮಬ್ಬಾಗಿದ್ದರೆ ಹೆಚ್ಚಿನವರು ಯಂತ್ರವನ್ನು ಬೈದು, ಮರುದಿನ ಇನ್ನೊಂದು ಚಮಚ ಪುಡಿ ಹಾಕುತ್ತಾರೆ. ಮಬ್ಬು ಮಾತ್ರ ಹಾಗೇ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಕಾದಾಗ ಗಟ್ಟಿಯಾಗಿ ಪಾತ್ರೆಗೆ ಅಂಟುತ್ತವೆ. ಗೀಸರಿನ ಕಾಯಿಲ್‌ಗೆ ಕಟ್ಟುವ ಪದರವೂ ಇದೇ.

ಹಾಗೆಂದು ಮಬ್ಬೆಲ್ಲವೂ ಲವಣವಲ್ಲ. ಲೋಟಕ್ಕೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ನೋಡಿ. ಹೋದರೆ ಅದು ನೀರಿನ ಲವಣ. ಹೋಗದಿದ್ದರೆ ಗಾಜಿನ ಮೈಯೇ ಸವೆದಿದೆ. ಅತಿ ಬಿಸಿ, ಕ್ಷಾರ ಹೆಚ್ಚಿರುವ ಪುಡಿ, ಮಿತಿಮೀರಿ ಮೆದುವಾದ ನೀರು ಸೇರಿದರೆ ಹೀಗಾಗುತ್ತದೆ. ಸವೆದ ಗಾಜು ಮತ್ತೆ ಹೊಳೆಯುವುದಿಲ್ಲ.

ಡಿಶ್‌ವಾಷರ್‌ಗೆ ಹಾಕುವ ಉಪ್ಪಿನ ಬಗ್ಗೆ ಇರುವಷ್ಟು ಗೊಂದಲ ಬೇರೆ ಯಾವುದರ ಬಗ್ಗೆಯೂ ಇಲ್ಲ. ಉಪ್ಪು ಪಾತ್ರೆ ತೊಳೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಯಂತ್ರದೊಳಗಿನ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಆ ಸೋಡಿಯಂ ತೀರಿದಾಗ ಮಣಿಗಳನ್ನು ಮತ್ತೆ ಸಜ್ಜುಗೊಳಿಸುವುದಷ್ಟೇ ಉಪ್ಪಿನ ಕೆಲಸ. ಅಡುಗೆಯ ಪುಡಿಯುಪ್ಪು ಇದಕ್ಕೆ ಆಗದು: ಅದು ಗಂಟು ಕಟ್ಟದಿರಲೆಂದು ಬೆರೆಸುವ ವಸ್ತುಗಳು ಒಳಗೆ ಕೂತು ತೊಂದರೆ ಕೊಡುತ್ತವೆ. ಇನ್ನೂ ಮುಖ್ಯವಾದದ್ದು, ನೀರಿನ ಗಡಸುತನಕ್ಕೆ ತಕ್ಕಂತೆ ಯಂತ್ರದ ಸೆಟ್ಟಿಂಗ್ ಬದಲಿಸಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ನಿಂತು ಟ್ಯಾಂಕರ್ ಬರತೊಡಗಿದರೆ ಗಡಸುತನವೂ ಬದಲಾಗಬಹುದು. ಪರೀಕ್ಷಾ ಪಟ್ಟಿ ಅದ್ದಿ ನೋಡಿ ಸೆಟ್ಟಿಂಗ್ ಸರಿಪಡಿಸಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಕೊನೆಯಲ್ಲಿ ಜಾಲಿಸುವಾಗ ಸೇರುವ ರಿನ್ಸ್ ಏಡ್ ದ್ರವ ಪರಿಮಳಕ್ಕೆ ಹಾಕುವುದಲ್ಲ. ಅದಿದ್ದರೆ ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರಿಹೋಗುತ್ತದೆ. ಹನಿ ಒಣಗಿದ ಚುಕ್ಕೆ ಉಳಿಯದು. ಅದರ ಬದಲು ವಿನೆಗರ್ ತುಂಬುತ್ತಾ ಹೋದರೆ ಒಳಗಿನ ರಬ್ಬರ್ ಹಾಳಾಗಬಹುದು.

ಮುಸುರೆಯನ್ನು ಮೊದಲೇ ತಿಕ್ಕಿ ತೊಳೆದು ಇಡಬೇಕೆಂಬುದೂ ತಪ್ಪು ಕಲ್ಪನೆಯೇ. ಪುಡಿಯಲ್ಲಿ ಸಾಮಾನ್ಯವಾಗಿ ಇರುವ ಕಿಣ್ವಗಳ ಕೆಲಸವೇ ಪಿಷ್ಟ, ಪ್ರೋಟೀನ್‌ಗಳನ್ನು ಒಡೆಯುವುದು. ಕೆಲವು ಯಂತ್ರಗಳು ನೀರಿನ ಕದಡು ಅಳೆದು, ತಿಳಿಯಾಗಿ ಕಂಡರೆ ತೊಳೆತವನ್ನೇ ಚಿಕ್ಕದಾಗಿಸುತ್ತವೆ. ಅನ್ನದ ಅಗುಳು, ಕರಿಬೇವು, ಸಾಸಿವೆಯನ್ನು ಕಸದ ಬುಟ್ಟಿಗೆ ಕೊಡವಿದರೆ ಸಾಕು. ಒಗ್ಗರಣೆಯ ಸಾಸಿವೆ ನೀರು ಚಿಮ್ಮುವ ತೂತುಗಳಲ್ಲಿ ಸಿಕ್ಕಿಕೊಂಡರೆ ತಟ್ಟೆಗಳ ಮೇಲೆ ಕಸರು ಉಳಿಯುತ್ತದೆ. ಫಿಲ್ಟರನ್ನು ಆಗಾಗ ತೆಗೆದು ತೊಳೆಯಲೇಬೇಕು.

ಪ್ಲಾಸ್ಟಿಕ್ ಡಬ್ಬಿಯ ಅರಿಶಿನದ ಕಲೆಗೆ ಪುಡಿಯನ್ನು ದೂರಿ ಫಲವಿಲ್ಲ. ಅರಿಶಿನದ ಬಣ್ಣ ಎಣ್ಣೆಯೊಂದಿಗೆ ಪ್ಲಾಸ್ಟಿಕ್‌ನೊಳಗೇ ಇಳಿದಿರುತ್ತದೆ. ಬಿಸಿಲಿಗಿಟ್ಟರೆ ಬೆಳಕಿಗೆ ಮಾಸುತ್ತದೆ. ಕಪ್ಪಾದ ಅಲ್ಯೂಮಿನಿಯಂ ಕುಕ್ಕರ್‌ನದು ಬೇರೆಯೇ ಕಥೆ. ಪುಡಿಯ ಕ್ಷಾರ ಲೋಹದ ರಕ್ಷಣಾ ಪದರವನ್ನೇ ತಿಂದಿರುತ್ತದೆ. ಹುಣಸೆಹಣ್ಣಿನ ನೀರು ಕುದಿಸಿದರೆ ತಕ್ಕಮಟ್ಟಿಗೆ ಬೆಳಗುತ್ತದೆ, ಆದರೆ ಮುಂದೆ ಅದನ್ನು ಕೈಯಲ್ಲೇ ತೊಳೆಯಿರಿ.