ಅಂಕಿತವಿಲ್ಲದ ಕಲಾವಿದರು



ಶ್ರೀಮಠದ ದಾಸೋಹದ ಅಡುಗೆಮನೆಯಲ್ಲಿ ಹಲವು ವರುಷ ರೊಟ್ಟಿ ಬಡಿಯುವ ಸೇವೆ ಸಲ್ಲಿಸಿದ ತಾಯಿಯೊಬ್ಬರಿದ್ದರು. ಕೈ ಹಿಟ್ಟು ತಟ್ಟುತ್ತಿದ್ದಂತೆ ಅವರ ಕಂಠದಿಂದ ಬೀಸುವ ಕಲ್ಲಿನ ಪದಗಳು, ಸೋಬಾನೆಗಳು ತಾವಾಗಿಯೇ ಹೊಮ್ಮುತ್ತಿದ್ದವು. ಒಮ್ಮೆ ಹೊಗಳಿದಾಗ, "ನನಗೇನ್ ಬರ್ತದರಿ ಯಪ್ಪಾ, ನಮ್ಮವ್ವ ಹಾಡ್ತಿದ್ಳು, ನಾನೂ ಹಾಡ್ತೀನಿ ಅಷ್ಟೇ" ಎಂದು ಸೆರಗಿನಿಂದ ಬಾಯಿ ಮರೆಸಿಕೊಂಡು ನಕ್ಕರು. ಬರುವ ಶ್ರಾವಣದಲ್ಲಿ ಬರೆದುಕೊಂಡರಾಯಿತು ಎಂದು ನಾವು ಮುಂದೂಡುತ್ತಲೇ ಹೋದೆವು. ಅವರು ಲಿಂಗೈಕ್ಯರಾದ ಮೇಲೆ ವಿಚಾರಿಸಿದರೆ, ಮೊಮ್ಮಗಳ ನೆನಪಿನಲ್ಲಿ ಉಳಿದುದು ಎರಡೇ ಪದ. ಕನ್ನಡ ಎಂ.ಎ. ಓದಿದ ನಮಗೆ ಇದು ತಲೆತಗ್ಗಿಸುವ ಸಂಗತಿ.

ಇಂಥವರನ್ನು ನಾವು ಗುರುತಿಸದಿರುವುದೇಕೆ? ವೇದಿಕೆ, ಪ್ರಮಾಣಪತ್ರ, ಶಾಲು ಇದ್ದಲ್ಲಿ ಮಾತ್ರ ಕಲೆಯಿದೆಯೆಂದು ಭಾವಿಸಿದ್ದೇವೆ. ಅವರೋ ತಮ್ಮದನ್ನು ಕೆಲಸವೆನ್ನುತ್ತಾರೆಯೇ ಹೊರತು ಕಲೆ ಎನ್ನುವುದಿಲ್ಲ. ಆದರೆ ಗುರುತಿಸಲು ಒಂದು ಸರಳ ಲಕ್ಷಣವುಂಟು: ಅಗತ್ಯಕ್ಕಿಂತ ಮಿಗಿಲಾದ ಅಕ್ಕರೆ. ಹಳೆಯ ಸೀರೆಯ ತುಂಡುಗಳನ್ನು ಹೇಗೆ ಜೋಡಿಸಿದರೂ ಕೌದಿ ಬೆಚ್ಚಗೇ ಇರುತ್ತದೆ; ಆದರೂ ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಲಿಯುವ ಅಜ್ಜಿ ಕಲಾವಿದೆ. ಸಂಜೆಗೆ ಅಳಿಸಿಹೋಗುವ ರಂಗೋಲಿಗೆ ನಸುಕಿನಲ್ಲೇ ಎದ್ದು ಚುಕ್ಕಿಯಿಡುವಾಕೆಯೂ ಕಲಾವಿದೆ. ನಮ್ಮ ಶಹಾಬಾದದ ಖಣಿಗಳಲ್ಲಿ ಪದರ ಪದರವಾಗಿ ಪರಸಿ ಎಬ್ಬಿಸುವ, ಬಿಡುವಿನಲ್ಲಿ ಅದೇ ಕಲ್ಲಿನ ತುಣುಕಿನ ಮೇಲೆ ಬಸವಣ್ಣನನ್ನು ಕೆತ್ತುವ ಕಾರ್ಮಿಕನೂ ಕಲಾವಿದನೇ.

ಚಿತ್ತಾಪುರ ತಾಲೂಕಿನ ಸನ್ನತಿಗೆ, ಅಲ್ಲಿನ ಕನಗನಹಳ್ಳಿಯ ಸ್ತೂಪ ನೋಡಲು ಹೋದವರೆಲ್ಲ 'ರಾಯಾ ಅಸೋಕೋ' ಎಂಬ ಬರಹವುಳ್ಳ ಅಶೋಕನ ಶಿಲ್ಪವನ್ನು ಹುಡುಕುತ್ತಾರೆ. ಸುಣ್ಣಕಲ್ಲಿನಲ್ಲಿ ಅದನ್ನು ಅರಳಿಸಿದ ಕೈ ಯಾರದೆಂದು ನಮ್ಮಲ್ಲಿ ಕೇಳುವವರು ವಿರಳ. ದೊರೆಯನ್ನು ನೆನೆದು ಉಳಿ ಹಿಡಿದವನನ್ನು ಮರೆಯುವುದು ನಮಗೆ ಹಳೆಯ ರೂಢಿ.

ಈ ರೂಢಿಯನ್ನು ಮುರಿದವರು ಹನ್ನೆರಡನೆಯ ಶತಮಾನದ ಶರಣರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ, ಇವರೆಲ್ಲರೂ ವಚನಕಾರರು. ಅವರ ನುಡಿಗೆ ಅನುಭವ ಮಂಟಪದಲ್ಲಿ ಕೇಳುವ ಕಿವಿಯಿತ್ತು. ವಚನದ ಕೊನೆಯಲ್ಲಿ ಅವರದೇ ಅಂಕಿತವಿತ್ತು. ಮುಂದೆ ಮನೆಮನೆಗಳಲ್ಲಿ ಚದುರಿಹೋಗಿದ್ದ ವಚನದ ಕಟ್ಟುಗಳನ್ನು ಡಾ. ಫ.ಗು. ಹಳಕಟ್ಟಿಯವರು ಅರಸಿ ತಂದು, 1923ರಲ್ಲಿ 'ವಚನ ಶಾಸ್ತ್ರ ಸಾರ'ವನ್ನು ಪ್ರಕಟಿಸದಿದ್ದರೆ ಎಷ್ಟು ಅಂಕಿತಗಳು ನಮಗೆ ದಕ್ಕುತ್ತಿದ್ದವೋ! ಕಲಾವಿದರಷ್ಟೇ ಮುಖ್ಯರು ಅವರನ್ನು ಹುಡುಕಿಕೊಂಡು ಹೋಗುವವರು. ಶಾಲೆಯ ಮೆಟ್ಟಿಲು ಹತ್ತದ ಅಂಕೋಲೆಯ ಸುಕ್ರಿ ಬೊಮ್ಮಗೌಡರ ಹಾಡುಗಳಿಗೆ ನಾಡು ಕಿವಿಗೊಟ್ಟಿತು. 2017ರಲ್ಲಿ ಪದ್ಮಶ್ರೀಯೂ ಸಂದಿತು. ಅಂಥ ಕಂಠಗಳು ನಮ್ಮ ಓಣಿಗಳಲ್ಲೂ ಇವೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು ಹೆಸರು ಕೇಳಬೇಕು. 'ಕೌದಿಯ ಅಜ್ಜಿ' ಎಂದರೆ ಸಾಲದು. ಅವರ ಒಪ್ಪಿಗೆ ಪಡೆದು ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಹೆಸರು, ಊರು, ಯಾರಿಂದ ಕಲಿತರೆಂಬುದನ್ನು ಬರೆದಿಡಬೇಕು. ಮಾಡಿಸಿಕೊಂಡ ಕೆಲಸಕ್ಕೆ ತಕ್ಕ ಹಣ ಕೊಡಬೇಕು. ಬರಿಯ ಹೊಗಳಿಕೆಯಿಂದ ಒಲೆ ಉರಿಯದು. ಪಕ್ಕದಲ್ಲಿ ಒಂದು ಮಗುವನ್ನು ಕೂಡಿಸಬೇಕು. ಕೇಳುವ ಮಗುವಿದ್ದರೆ ಪದಕ್ಕೆ ಆಯುಷ್ಯ. ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ನೀಡುತ್ತದೆ. ಅರ್ಜಿ ಬರೆಯಲು ಬಾರದವರಿಗೆ ಓದಿದವರು ಬರೆದುಕೊಡುವುದೂ ದಾಸೋಹವೇ. ಇನ್ನೊಂದು ಎಚ್ಚರ: ತಿದ್ದುವ ಆತುರ ಬೇಡ. ಅವರ ನುಡಿ, ಅವರ ಧಾಟಿ ಇದ್ದಂತೆಯೇ ಇರಲಿ.

ಶ್ರೀಮಠದ ಜಾತ್ರೆಯ ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರನ್ನು ತಪ್ಪದೆ ಅಚ್ಚು ಹಾಕಿಸುತ್ತ ಬಂದಿದ್ದೇವೆ. ಅಂಗಳಕ್ಕೆ ರಂಗೋಲಿ ಹಾಕಿದವರ, ತೇರಿನ ಮುಂದೆ ಹಾಡಿದವರ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಈ ಸಲದಿಂದ ಇರುತ್ತದೆ. ಆ ತಾಯಿಯ ಹೆಸರನ್ನು ಮೊದಲಿಗೆ ಬರೆಯುವ ಭಾಗ್ಯ ನಮಗಿಲ್ಲವಾಯಿತು. ನಿಮ್ಮ ಮನೆಯಲ್ಲಿ ಇಂದೂ ಹಾಡುತ್ತಿರುವವರಿದ್ದರೆ, ಶ್ರಾವಣದವರೆಗೆ ಕಾಯಬೇಡಿ.