ಸಾಫ್ಟ್‌ವೇರ್ ಕೊಟ್ಟ ಅಂಕೆಯೆಲ್ಲ ಸತ್ಯವಲ್ಲ

ಸಮೀಕ್ಷೆಯ ದತ್ತಾಂಶವನ್ನು ಬಯೋಜೀಮ್, ಅಪೋಲೊದಂಥ ಆಯ್ಕೆ ವಿಶ್ಲೇಷಣೆಯ ಸಾಫ್ಟ್‌ವೇರ್‌ಗೆ ಹಾಕಿಬಿಟ್ಟರೆ ಸಾಕು, ಜನ ಕಾರು ಬಿಟ್ಟು ರೈಲು ಹತ್ತುವುದು ಏಕೆಂದು ಅದೇ ಪತ್ತೆಹಚ್ಚುತ್ತದೆ ಎಂಬ ನಂಬಿಕೆ ಸಾರಿಗೆ ಅಧ್ಯಯನದಲ್ಲಿ ಬಲವಾಗಿದೆ. ಅಸಲಿಗೆ ಅದು ಮಾಡುವುದು ಒಂದೇ ಕೆಲಸ. ಪ್ರತಿ ಆಯ್ಕೆ ಪ್ರಯಾಣಿಕನಿಗೆ ಎಷ್ಟು ಹಿತ ಎಂಬುದಕ್ಕೆ ಸಂಶೋಧಕರು ಒಂದು ಸೂತ್ರ ಬರೆದುಕೊಡುತ್ತಾರೆ. ಆ ಸೂತ್ರ ಸರಿಯೆಂದೇ ಇಟ್ಟುಕೊಂಡು, ಜನ ಮಾಡಿದ ಆಯ್ಕೆಗಳ ಸಂಭವನೀಯತೆ ಗರಿಷ್ಠವಾಗುವಂಥ ಗುಣಾಂಕಗಳನ್ನು ಸಾಫ್ಟ್‌ವೇರ್ ಹುಡುಕುತ್ತದೆ. ಸೂತ್ರವೇ ತಪ್ಪಿದ್ದರೂ ಉತ್ತರವಂತೂ ಬರುತ್ತದೆ, ದಶಮಾಂಶಗಳ ಸಮೇತ.

ಬಯೋಜೀಮ್ ಕಲಿಯುವವರು ಸಾಮಾನ್ಯವಾಗಿ ಮೊದಲು ಕೈಹಾಕುವ ಸ್ವಿಸ್‌ಮೆಟ್ರೊ ದತ್ತಾಂಶವನ್ನೇ ನೋಡಿ. ಸ್ವಿಸ್‌ಮೆಟ್ರೊ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ನೆಲದಡಿಯ ಸುರಂಗದಲ್ಲಿ ಕಾಂತಬಲದಿಂದ ಓಡಬೇಕಿದ್ದ, ಕೊನೆಗೂ ಕಟ್ಟದೇ ಉಳಿದ ರೈಲು. ರೈಲು, ಸ್ವಿಸ್‌ಮೆಟ್ರೊ, ಕಾರು ಇದ್ದವರಿಗೆ ಕಾರು, ಇವುಗಳಲ್ಲಿ ಯಾವುದು ಬೇಕೆಂದು 1998ರ ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂಬತ್ತು ಸನ್ನಿವೇಶ ಕೊಟ್ಟು ಕೇಳಿದ್ದರು. ಅದರ ರೈಲು ವೆಚ್ಚದ ಕಾಲಂನಲ್ಲಿ ಒಂದು ತೊಡಕಿದೆ: ದೇಶವಿಡೀ ಓಡಾಡಬಹುದಾದ ವಾರ್ಷಿಕ ಪಾಸು ಇದ್ದವರ ಎದುರು ಟಿಕೆಟ್ ದರದ ಬದಲು ಪಾಸಿನ ಪೂರ್ತಿ ಬೆಲೆಯೇ ಕೂತಿದೆ. ಪಾಸು ಕಿಸೆಯಲ್ಲಿದ್ದವನಿಗೆ ಈ ಒಂದು ಪ್ರಯಾಣದ ಹೆಚ್ಚುವರಿ ಖರ್ಚು ಸೊನ್ನೆ. ಆದ್ದರಿಂದಲೇ ಅಂಥವರ ವೆಚ್ಚವನ್ನು ಸೊನ್ನೆ ಮಾಡುವ ಸಾಲೊಂದು ಕಲಿಕೆಯ ಕೋಡ್‌ನಲ್ಲಿದೆ. ಅದನ್ನು ಅಳಿಸಿದರೂ ಸಾಫ್ಟ್‌ವೇರ್ ತಕರಾರು ಎತ್ತುವುದಿಲ್ಲ. ಒಂದೇ ಪ್ರಯಾಣಕ್ಕೆ ವರ್ಷದ ದುಡ್ಡು ತೆತ್ತು ರೈಲು ಹತ್ತುವ ಜನರಿದ್ದಾರೆಂದು ನಂಬಿ ಲೆಕ್ಕ ಮುಗಿಸುತ್ತದೆ. ವೆಚ್ಚದ ಗುಣಾಂಕ ಕೆಡುತ್ತದೆ. ಸಮಯದ ಗುಣಾಂಕವನ್ನು ಅದರಿಂದ ಭಾಗಿಸಿ ಪಡೆಯುವ ‘ಸಮಯದ ಬೆಲೆ’ಯೂ ಕೆಡುತ್ತದೆ. ಹೊಸ ಮಾರ್ಗಕ್ಕೆ ಹಣ ಹಾಕಬಹುದೇ ಎಂದು ತೂಗುವಾಗ ನೆಚ್ಚುವುದು ಈ ಬೆಲೆಯನ್ನೇ.

ದುಬಾರಿ ಪ್ಯಾಕೇಜಿನ ಉತ್ತರವೇ ಹೆಚ್ಚು ಸರಿ ಎಂಬ ಮಾತಿಗೂ ಆಧಾರವಿಲ್ಲ. ಸರಳ ಲಾಜಿಟ್ ಎಂಬ ಆಯ್ಕೆಯ ಮಾದರಿಯಲ್ಲಿ ಏರಬೇಕಾದ ಸಂಭವನೀಯತೆಯ ಬೆಟ್ಟಕ್ಕೆ ಶಿಖರ ಒಂದೇ. ಎನ್‌ಲಾಜಿಟ್ ಎಂಬ ಪ್ಯಾಕೇಜಿಗೆ ಹಣ ಕೊಡಬೇಕು, ಬಯೋಜೀಮ್, ಅಪೋಲೊ ಉಚಿತ. ಮೂರೂ ತಲುಪುವುದು ಅಲ್ಲಿಗೇ. ವ್ಯತ್ಯಾಸ ಹುಟ್ಟುವುದು, ಗುಣಾಂಕಗಳು ಒಬ್ಬರಿಂದೊಬ್ಬರಿಗೆ ಬದಲಾಗಬಹುದೆಂದು ಎಣಿಸುವ ಮಿಶ್ರ ಲಾಜಿಟ್‌ನಂಥ ಮಾದರಿಗಳಲ್ಲಿ. ಅಲ್ಲಿ ಶಿಖರಗಳು ಹಲವಿರಬಹುದು, ಸಂಭವನೀಯತೆಯನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಅಂದಾಜಿಸಬೇಕು. ಹುಡುಕಾಟದ ಆರಂಭದ ಅಂಕೆ ಬದಲಿಸಿದರೆ, ಆ ಯಾದೃಚ್ಛಿಕ ಸಂಖ್ಯೆಗಳನ್ನು ನೂರರಿಂದ ಸಾವಿರಕ್ಕೇರಿಸಿದರೆ ಅಲುಗಾಡುವ ಉತ್ತರಕ್ಕೆ ವರದಿಯಲ್ಲಿ ಜಾಗವಿರಬಾರದು.

ಈಗಿನ ಬಯೋಜೀಮ್ ಹಲವಾರು ಸೂತ್ರಗಳನ್ನು ತಾನೇ ಪರೀಕ್ಷಿಸಿ ಒಳ್ಳೆಯದನ್ನು ಆರಿಸಬಲ್ಲದಲ್ಲ ಎಂದು ಕೇಳಬಹುದು. ಆರಿಸಬಲ್ಲದು, ನಾವು ಕೊಟ್ಟ ಪಟ್ಟಿಯೊಳಗೆ ಮಾತ್ರ. ಪಾಸಿನ ವಿಷಯ ಪಟ್ಟಿಯಲ್ಲೇ ಇಲ್ಲದಿದ್ದರೆ ಅದಕ್ಕೆ ಹೊಳೆಯುವುದಾದರೂ ಹೇಗೆ? ದತ್ತಾಂಶಕ್ಕೆ ಮಾದರಿ ಚೆನ್ನಾಗಿ ಹೊಂದಿತು ಎಂಬುದೂ ಪೂರ್ತಿ ಸಾಕ್ಷ್ಯವಲ್ಲ. ಅದು ಮೊದಲೇ ಕಂಡ ಪ್ರಶ್ನೆಪತ್ರಿಕೆಯಲ್ಲಿ ಗಳಿಸಿದ ಅಂಕ. ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ತಂಡಕ್ಕೆ ಕಾಣದ ಪರೀಕ್ಷೆ ಎದುರಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಾರ್ಟ್ ರೈಲು ಓಡುವ ಮುನ್ನವೇ ನಡೆಸಿದ ಸಮೀಕ್ಷೆಯ ಆಧಾರದ ಮೇಲೆ, ಶೇ 6.3ರಷ್ಟು ಮಂದಿ ಅದರಲ್ಲಿ ಕೆಲಸಕ್ಕೆ ಹೋಗುತ್ತಾರೆಂದು ಅವರು ಅಂದಾಜಿಸಿದರು. ಅಧಿಕೃತ ಅಂದಾಜು ಶೇ 15. ರೈಲು ಓಡತೊಡಗಿದ ಮೇಲೆ ಸಿಕ್ಕ ಲೆಕ್ಕ ಶೇ 6.2.